ಹಳೆಯ ವರ್ಕ್‌ಸ್ಟೇಷನ್‌ನ ವಿಂಡೋದಲ್ಲಿ ಲೈವ್ ವಿಡಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

1980ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಬಂದ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಲ್ಲಿ (ಎಂಜಿನಿಯರ್, ಸಂಶೋಧಕರ ಮೇಜಿನ ಶಕ್ತಿಶಾಲಿ ಕಂಪ್ಯೂಟರ್‌ಗಳು) ಕ್ಯಾಮೆರಾದ ಚಿತ್ರವನ್ನು ಒಂದು ವಿಂಡೋದೊಳಗೆ ಓಡಿಸುವುದು ಹೇಗೆ, ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಉದಾಹರಣೆಗಳು ಹೆಚ್ಚಾಗಿ ಸಿಲಿಕಾನ್ ಗ್ರಾಫಿಕ್ಸ್‌ನ ಇಂಡಿ ಯಂತ್ರದವು. ಕ್ಯಾಮೆರಾವನ್ನೂ ವಿಡಿಯೋ ಇನ್‌ಪುಟ್ಟನ್ನೂ ಪೆಟ್ಟಿಗೆಯ ಜೊತೆಗೇ ಕೊಟ್ಟ ಯಂತ್ರ ಅದು. ಇವತ್ತಿಗೂ ದುರಸ್ತಿ ಮಾಡಿ ಓಡಿಸುವವರಿದ್ದಾರೆ. ಕಮಾಂಡ್‌ಗಳ ಹೆಸರನ್ನು ಉಚ್ಚರಿಸುವ ಹಾಗೆ ಬರೆದಿದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.

ಸಾಧಾರಣ ಟಿವಿ ಸಲೀಸಾಗಿ ತೋರಿಸುತ್ತಿದ್ದ ಚಿತ್ರಕ್ಕೆ ಅಷ್ಟು ದುಬಾರಿ ವರ್ಕ್‌ಸ್ಟೇಷನ್ ಯಾಕೆ ತಿಣುಕಬೇಕಿತ್ತು?

ಟಿವಿ ಚಿತ್ರವನ್ನು ಎಲ್ಲೂ ಇಟ್ಟುಕೊಳ್ಳುವುದಿಲ್ಲ. ಸಿಗ್ನಲ್ ಯಾವ ತಾಳದಲ್ಲಿ ಬರುತ್ತದೋ ಅದೇ ತಾಳದಲ್ಲಿ ಅದರ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆ ಎಳೆಯುತ್ತದೆ. ವರ್ಕ್‌ಸ್ಟೇಷನ್ನಿನ ಪರದೆಗೆ ಅದರದ್ದೇ ತಾಳವಿದೆ. 1280×1024ರ ಇಂಡಿ ಪರದೆ ಸೆಕೆಂಡಿಗೆ 76 ಸಲ ಹೊಸದಾಗಿ ಬರೆಯಲ್ಪಡುತ್ತಿದ್ದರೆ, ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಕ್ಯಾಮೆರಾ 59.94 ಫೀಲ್ಡ್ (ಅರ್ಧ ಫ್ರೇಮ್) ಕಳಿಸುತ್ತದೆ, ಭಾರತದ ಪದ್ಧತಿಯಾದ ಪಾಲ್‌ನ ಕ್ಯಾಮೆರಾ 50. ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ನಡುವೆ ಇಡೀ ಫ್ರೇಮನ್ನು ಹಿಡಿದಿಡಲು ಮೆಮೊರಿ ಬೇಕು.

ಆಮೇಲೆ ಮೊತ್ತದ ಲೆಕ್ಕ. 640×480 ಪಿಕ್ಸೆಲ್, ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 30 ಫ್ರೇಮ್ ಎಂದರೆ 18.4 ಮೆಗಾಬೈಟ್. ಪಾಲ್‌ನ 768×576, 25 ಫ್ರೇಮ್ ಆದರೆ 22.1 ಮೆಗಾಬೈಟ್. ಅಂದಿನ ಪಿಸಿಗಳ ಐಎಸ್‌ಎ ಬಸ್ (ಬೋರ್ಡ್‌ಗಳ ನಡುವೆ ಡೇಟಾ ಸಾಗುವ ದಾರಿ) ಕಾಗದದ ಮೇಲೇ ಸೆಕೆಂಡಿಗೆ ಸುಮಾರು 8 ಮೆಗಾಬೈಟ್ ಸಾಗಿಸುತ್ತಿತ್ತು. 10 ಮೆಗಾಬಿಟ್ ಈಥರ್ನೆಟ್ 1.25 ಮೆಗಾಬೈಟ್. ವರ್ಕ್‌ಸ್ಟೇಷನ್ ಬಸ್‌ಗಳು ಅಗಲವಾಗಿದ್ದವು ನಿಜ. ಸನ್ ಯಂತ್ರಗಳ ಎಸ್‌ಬಸ್ 25 ಮೆಗಾಹರ್ಟ್ಸ್‌ನಲ್ಲಿ ಗರಿಷ್ಠ 100 ಮೆಗಾಬೈಟ್, ಡಿಜಿಟಲ್ ಕಂಪನಿಯ ಟರ್ಬೋಚಾನೆಲ್ಲೂ ಅಷ್ಟೇ, ಇಂಡಿಯ ಜಿಐಒ-64 ಬಸ್ 267. ಆದರೆ ಇವು ಒಂದೇ ಉಸಿರಿನಲ್ಲಿ ಓಡುವಾಗಿನ ಗರಿಷ್ಠ ಅಂಕಿ. ವಿಡಿಯೋ ಆ ಬಸ್ಸಿನ ಮೇಲೆ ಸಾಮಾನ್ಯವಾಗಿ ಎರಡು ಸಲ ಓಡಾಡುತ್ತದೆ, ಒಳಗೆ ಒಮ್ಮೆ, ಪರದೆಗೆ ಒಮ್ಮೆ.

ಮೂರನೆಯದೇ ನಿಜವಾದ ಗಂಟು: ವಿಂಡೋ. ಅದನ್ನು ಬಳಸುವವರು ಎಳೆದಾಡುತ್ತಾರೆ, ಚಿಕ್ಕದು ಮಾಡುತ್ತಾರೆ, ಅದರ ಮೇಲೆ ಇನ್ನೊಂದು ವಿಂಡೋ ತಂದಿಡುತ್ತಾರೆ. ಆಗ ವಿಡಿಯೋ ಕಾಣುವ ಜಾಗ ಒಂದು ಆಯತವಾಗಿ ಉಳಿಯುವುದಿಲ್ಲ. ಎಲ್-ಆಕಾರವಾಗುತ್ತದೆ, ನಡುವೆ ತೂತಾಗುತ್ತದೆ. ಸೆಕೆಂಡಿಗೆ 30 ಸಲ ಬರುವ ಚಿತ್ರವನ್ನು ಆ ಆಕಾರಕ್ಕೆ ಸರಿಯಾಗಿ ಕತ್ತರಿಸುವವರು ಯಾರು? ಈ ಪ್ರಶ್ನೆಗೆ ಒಂದೊಂದು ತಂಡ ಒಂದೊಂದು ಉತ್ತರ ಕೊಟ್ಟಿತು. ಯಂತ್ರದಲ್ಲಿ ಏನು ತೊಂದರೆ ಬರುತ್ತದೆ ಎಂಬುದು ಬಹುಪಾಲು ಆ ಉತ್ತರದ ಮೇಲೇ ನಿಂತಿದೆ.

ಆ ಉತ್ತರಗಳು ಯಾವುವು?

ಹಳೆಯ ದಾರಿ ಎಂದರೆ ವಿಡಿಯೋವನ್ನು ಕಂಪ್ಯೂಟರ್ ಒಳಗೆ ಬಿಟ್ಟುಕೊಳ್ಳದೆಯೇ ಪರದೆಗೆ ಹೋಗುವ ದಾರಿಯಲ್ಲಿ ಬೆರೆಸುವುದು. ವಿಂಡೋದ ಒಳಗೆ ಒಂದು ನಿಗದಿತ ಬಣ್ಣ ತುಂಬಿಸುತ್ತಾರೆ. ಮಾನಿಟರ್‌ಗೆ ಹೋಗುವ ಪಿಕ್ಸೆಲ್‌ಗಳನ್ನು ವಿಡಿಯೋ ಬೋರ್ಡ್ ನೋಡುತ್ತಾ ಇರುತ್ತದೆ. ಆ ಬಣ್ಣ ಕಂಡಲ್ಲೆಲ್ಲ ಅದರ ಬದಲು ವಿಡಿಯೋ ಪಿಕ್ಸೆಲ್ ಹಾಕುತ್ತದೆ. ಕತ್ತರಿಸುವ ಕೆಲಸ ತಾನಾಗಿಯೇ ಆಗಿಹೋಗುತ್ತದೆ, ಏಕೆಂದರೆ ಮೇಲೆ ಬಂದ ವಿಂಡೋ ಆ ಬಣ್ಣವನ್ನು ಮುಚ್ಚಿರುತ್ತದೆ. ಪ್ರೊಸೆಸರ್‌ಗೆ ಹೊರೆಯೇ ಇಲ್ಲ. ಆದರೆ ಪ್ರೋಗ್ರಾಂ ಕೈಗೆ ಚಿತ್ರವೂ ಸಿಗುವುದಿಲ್ಲ.

ಇನ್ನೊಂದು ದಾರಿಯಲ್ಲಿ ವಿಡಿಯೋ ಬೋರ್ಡೇ ಫ್ರೇಮ್‌ಬಫರ್‌ಗೆ (ಪರದೆಯ ಚಿತ್ರ ಇರುವ ಮೆಮೊರಿಗೆ) ನೇರವಾಗಿ ಬರೆಯುತ್ತದೆ. ಎಲ್ಲಿ ಬರೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆಯತಗಳ ಪಟ್ಟಿಯಾಗಿಯೋ, ಪಿಕ್ಸೆಲ್‌ಗೊಂದು ಗುರುತಿನ ಬಿಟ್ಟಾಗಿಯೋ ಮೊದಲೇ ಹೇಳಿಡಬೇಕು. ವಿಂಡೋ ಸರಿದ ಕ್ಷಣಕ್ಕೂ ಹೊಸ ಪಟ್ಟಿ ತಲುಪಿದ ಕ್ಷಣಕ್ಕೂ ನಡುವೆ ಒಂದೆರಡು ಫ್ರೇಮ್ ಕಳೆದರೆ ವಿಡಿಯೋದ ತುಣುಕು ಬೇರೆ ವಿಂಡೋದ ಮೇಲೆ ಅಂಟಿಕೊಂಡು ಉಳಿಯುತ್ತದೆ. ವಿಂಡೋವನ್ನು ಜೋರಾಗಿ ಎಳೆದು ನೋಡಿ, ಹಿಂದೆ ಬಾಲ ಉಳಿದರೆ ಇದೇ ಕಾರಣ.

ಕೊನೆಯದು ಮೆಮೊರಿ ದಾರಿ. ಬೋರ್ಡ್ ಫ್ರೇಮನ್ನು ಮುಖ್ಯ ಮೆಮೊರಿಗೆ ಹಾಕುತ್ತದೆ. ಪ್ರೋಗ್ರಾಂ ಅದನ್ನು ಬೇರೆ ಯಾವುದೇ ಚಿತ್ರದ ಹಾಗೆ ವಿಂಡೋಗೆ ಬರೆಯುತ್ತದೆ. ಕತ್ತರಿಸುವುದು ವಿಂಡೋ ವ್ಯವಸ್ಥೆಯ ತಲೆನೋವು. ಎಲ್ಲಕ್ಕಿಂತ ನಿಧಾನದ ದಾರಿ, ಆದರೆ ಚಿತ್ರ ಕೈಗೆ ಸಿಗುತ್ತದೆ: ಉಳಿಸಬಹುದು, ಅಳೆಯಬಹುದು, ನೆಟ್‌ವರ್ಕ್‌ಗೆ ಕಳಿಸಬಹುದು. ಇಂಡಿ ಹಿಡಿದದ್ದು ಇದನ್ನೇ, ಕೊನೆಗೆ ಗೆದ್ದದ್ದೂ ಇದೇ.

ಸ್ಕ್ರೀನ್‌ಶಾಟ್ ತೆಗೆದರೆ ವಿಡಿಯೋ ಜಾಗದಲ್ಲಿ ಬರೀ ನೀಲಿ ಅಥವಾ ನೇರಳೆ ಬಣ್ಣ ಬರುತ್ತದೆ. ಬೋರ್ಡ್ ಕೆಟ್ಟಿದೆಯೇ?

ಇಲ್ಲ. ಅದು ಬಣ್ಣ ನೋಡಿ ಬೆರೆಸುವ ಬೋರ್ಡ್. ಫ್ರೇಮ್‌ಬಫರ್‌ನಲ್ಲಿ ಇರುವುದು ಆ ನಿಗದಿತ ಬಣ್ಣ ಮಾತ್ರ. ವಿಡಿಯೋ ಅದಾದ ಮೇಲಿನ ಹಂತದಲ್ಲಿ ಸೇರುತ್ತದೆ. ಚಿತ್ರ ಬೇಕಿದ್ದರೆ ಬೋರ್ಡಿನ ಸ್ವಂತ ಫ್ರೇಮ್ ಹಿಡಿಯುವ ಪ್ರೋಗ್ರಾಂ ಬಳಸಬೇಕು. ಬೇರೆ ವಿಂಡೋದ ಐಕಾನ್ ಒಂದರೊಳಗೆ ವಿಡಿಯೋ ಚುಕ್ಕೆಗಳು ಮಿನುಗುತ್ತಿದ್ದರೆ ಆ ಐಕಾನ್‌ನಲ್ಲೂ ಅದೇ ಬಣ್ಣವಿದೆ ಎಂದರ್ಥ. ನಿಗದಿತ ಬಣ್ಣ ಬದಲಿಸಿ.

ಇದನ್ನು ಮೊದಮೊದಲು ಎಲ್ಲೆಲ್ಲಿ ಮಾಡಿದರು?

ಅಮೆರಿಕದ ಎಂಐಟಿಯಲ್ಲಿ 1983ರಿಂದ 1991ರವರೆಗೆ ನಡೆದ ಪ್ರಾಜೆಕ್ಟ್ ಅಥೀನಾದಲ್ಲಿ ಪ್ಯಾರಲಾಕ್ಸ್ ಕಂಪನಿಯ ವಿಡಿಯೋ ಬೋರ್ಡ್ ಹಾಕಿದ ವರ್ಕ್‌ಸ್ಟೇಷನ್‌ಗಳ ಮೇಲೆ ಎಕ್ಸ್ (ಯುನಿಕ್ಸ್ ಯಂತ್ರಗಳಲ್ಲಿ ವಿಂಡೋ ತೋರಿಸುವ ವ್ಯವಸ್ಥೆ) ವಿಂಡೋಗಳಲ್ಲಿ ಲೇಸರ್‌ಡಿಸ್ಕ್‌ನ ವಿಡಿಯೋ ಓಡಿಸಿ ಭಾಷಾ ಪಾಠಗಳನ್ನು ಮಾಡಿದರು. ಎಕ್ಸ್ ವಿಂಡೋ ವ್ಯವಸ್ಥೆ ಹುಟ್ಟಿದ್ದೂ ಅದೇ ಯೋಜನೆಯಲ್ಲಿ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಒಲಿವೆಟ್ಟಿ ಸಂಶೋಧನಾಲಯ ಮತ್ತು ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್ ಸೇರಿ ಪಂಡೋರಾ ಪೆಟ್ಟಿಗೆ ಕಟ್ಟಿದವು. ಒಳಗೆ ಟ್ರಾನ್ಸ್‌ಪ್ಯೂಟರ್ ಎಂಬ ಪ್ರೊಸೆಸರ್‌ಗಳು, ವಿಡಿಯೋ ಹೊರೆ ವರ್ಕ್‌ಸ್ಟೇಷನ್ ಮೇಲೆ ಬೀಳದಂತೆ ಪೆಟ್ಟಿಗೆಯೇ ಹೊತ್ತುಕೊಂಡು ಚಿತ್ರವನ್ನು ಎಕ್ಸ್ ವಿಂಡೋ ಜಾಗಕ್ಕೆ ಸೇರಿಸುತ್ತಿತ್ತು. ನೆಕ್ಸ್ಟ್ ಕಂಪನಿಯ ನೆಕ್ಸ್ಟ್‌ಡೈಮೆನ್ಷನ್ ಬೋರ್ಡ್ ಇಂಟೆಲ್ ಐ860 ಪ್ರೊಸೆಸರ್ ಇಟ್ಟುಕೊಂಡು 32 ಬಿಟ್ ಪರದೆಯ ವಿಂಡೋದಲ್ಲಿ ವಿಡಿಯೋ ತೋರಿಸಿತು.

ಅದೇ ಕೇಂಬ್ರಿಡ್ಜ್ ಕಂಪ್ಯೂಟರ್ ಲ್ಯಾಬ್‌ನ ಟ್ರೋಜನ್ ರೂಮ್ ಕಾಫಿ ಪಾತ್ರೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಕಾಫಿ ಪಾತ್ರೆಯತ್ತ ಒಂದು ಕ್ಯಾಮೆರಾ ತಿರುಗಿಸಿ, ಫ್ರೇಮ್ ಹಿಡಿಯುವ ಕಾರ್ಡ್ ಇದ್ದ ಅಕಾರ್ನ್ ಆರ್ಕಿಮಿಡೀಸ್‌ಗೆ ಜೋಡಿಸಿದರು. 128×128ರ ಕಪ್ಪುಬಿಳುಪು ಚಿತ್ರ, ನಿಮಿಷಕ್ಕೆ ಸುಮಾರು ಮೂರು. ಫ್ರೇಮಿಗೆ ಬರೀ 16 ಕಿಲೋಬೈಟ್! ಪಾತ್ರೆ ನಿಧಾನವಾಗಿ ತುಂಬುತ್ತದೆ, ಆದ್ದರಿಂದ ನಿಮಿಷಕ್ಕೆ ಮೂರು ಸಾಕು ಎಂದು ಅವರು ಸರಿಯಾಗಿಯೇ ಅಂದಾಜಿಸಿದ್ದರು. 1993ರಲ್ಲಿ ಅದು ವೆಬ್‌ಗೆ ಬಂತು. 2001ರ ಆಗಸ್ಟ್ 22ರಂದು ಆರಿತು. ಏನನ್ನು ನೋಡಬೇಕಿದೆಯೋ ಅದು ಎಷ್ಟು ಬೇಗ ಬದಲಾಗುತ್ತದೆ ಎಂಬ ಪ್ರಶ್ನೆಯಿಂದಲೇ ಲೆಕ್ಕ ಶುರುವಾಗಬೇಕು.

ಇಂಡಿಯೊಳಗೆ ವಿಡಿಯೋಗಾಗಿ ಏನೇನಿದೆ?

1993ರಲ್ಲಿ ಬಂದ ಇಂಡಿಯ ಮುಖ್ಯ ಬೋರ್ಡಿನ ಮೇಲೇ ವಿನೋ ಎಂಬ ಚಿಪ್ ಇದೆ. ‘ವಿಡಿಯೋ ಒಳಗೆ, ಹೊರಗಿಲ್ಲ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ಆ ಹೆಸರು, ಅದರ ಮಿತಿಯೂ ಅದೇ. ಹಿಂಬದಿಯಲ್ಲಿ ಮೂರು ಕಿಂಡಿಗಳು: ಕಾಂಪೋಸಿಟ್ (ಬೆಳಕು, ಬಣ್ಣ ಒಂದೇ ತಂತಿಯಲ್ಲಿ), ಎಸ್-ವಿಡಿಯೋ (ಎರಡೂ ಬೇರೆ ಬೇರೆ), ಮತ್ತು ಜೊತೆಗೆ ಬಂದ ಕ್ಯಾಮೆರಾ ಇಂಡಿಕ್ಯಾಮ್‌ಗೆ ಡಿಜಿಟಲ್ ಕಿಂಡಿ. ಮೊದಲೆರಡರ ಸಿಗ್ನಲ್ ಅಂಕಿಗಳಾದ ಮೇಲೆ ಅದನ್ನು ಫಿಲಿಪ್ಸ್‌ನ ಎಸ್‌ಎಎ7191 ಡಿಕೋಡರ್ ಬಿಡಿಸುತ್ತದೆ. ಇಂಡಿಕ್ಯಾಮ್ ಅಂಕಿಗಳನ್ನೇ ಕಳಿಸುವುದರಿಂದ ಅದಕ್ಕೆ ಡಿಕೋಡರ್ ಬೇಡ.

ವಿನೋದಲ್ಲಿ ಎ ಮತ್ತು ಬಿ ಎಂಬ ಎರಡು ಚಾನೆಲ್. ಒಂದರಲ್ಲಿ ಇಂಡಿಕ್ಯಾಮ್, ಇನ್ನೊಂದರಲ್ಲಿ ಕಾಂಪೋಸಿಟ್ ಹಾಕಿ ಎರಡು ವಿಂಡೋ ತೆರೆಯಬಹುದು. ಪ್ರತಿ ಚಾನೆಲ್ಲೂ ಚಿತ್ರದ ಅಂಚು ಕತ್ತರಿಸಬಲ್ಲದು, ಅರ್ಧದಿಂದ ಎಂಟನೇ ಒಂದು ಭಾಗದವರೆಗೆ ಕುಗ್ಗಿಸಬಲ್ಲದು, ಮತ್ತು ನಾಲ್ಕು ಬಗೆಯಲ್ಲಿ ಪಿಕ್ಸೆಲ್ ಕೊಡಬಲ್ಲದು: 32 ಬಿಟ್ ಆರ್‌ಜಿಬಿ, ವೈಯುವಿ 4:2:2 (ಬೆಳಕು, ಬಣ್ಣ ಬೇರೆ ಬೇರೆ), 8 ಬಿಟ್ ಕಪ್ಪುಬಿಳುಪು, ಮತ್ತು ಡಿದರ್ ಮಾಡಿದ (ಇರುವ ಕೆಲವೇ ಬಣ್ಣದ ಚುಕ್ಕೆ ಬೆರೆಸಿ ಇಲ್ಲದ ಬಣ್ಣ ತೋರಿಸುವ) 8 ಬಿಟ್ ಬಣ್ಣ. ಈ ಕೊನೆಯದನ್ನು ಚಿಪ್ಪೇ ಮಾಡಿಕೊಡುವುದು ದೊಡ್ಡ ಉಪಕಾರ.

ಹಳೆಯ ಇಂಡಿ ಸಿಕ್ಕಿದೆ. ವಿಡಿಯೋಗೆ ಕೈ ಹಾಕುವ ಮುನ್ನ ಏನು ನೋಡಬೇಕು?

ಹಿಂಬದಿಯ ಚೀಟಿಯಲ್ಲಿ 230 ವೋಲ್ಟ್ ಒಪ್ಪುತ್ತದೆಯೇ ಓದಿ, ಆಮೇಲೆ ಪ್ಲಗ್ ಹಾಕಿ. ಗಡಿಯಾರದ ಚಿಪ್ ಡಲ್ಲಾಸ್ ಡಿಎಸ್1386ರ ಒಳಗೆ ಬ್ಯಾಟರಿ ಸೇರಿಯೇ ಇದೆ. ಇಷ್ಟು ವರ್ಷಕ್ಕೆ ಅದು ಸತ್ತಿರುತ್ತದೆ. ಇಂಡಿಯಲ್ಲಿ ಈಥರ್ನೆಟ್ ವಿಳಾಸವೂ ಅದರೊಳಗೇ ಇರುವುದರಿಂದ ತಾರೀಕಿನ ಜೊತೆ ನೆಟ್‌ವರ್ಕೂ ಹೋಗುತ್ತದೆ. ಚಿಪ್ ಬದಲಿಸಿ, ಯಂತ್ರದ ಚೀಟಿಯಲ್ಲಿರುವ 08:00:69ರಿಂದ ಶುರುವಾಗುವ ವಿಳಾಸವನ್ನು ಬೂಟ್‌ಗೆ ಮುಂಚಿನ ಕಮಾಂಡ್ ಮಾನಿಟರ್‌ನಲ್ಲಿ ಮತ್ತೆ ಬರೆಯಿರಿ.

ಮೆಮೊರಿ 72 ಪಿನ್ನಿನ, ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಇರುವ ಸಿಮ್ ಎಂಬ ಮೆಮೊರಿ ಪಟ್ಟಿ; ನಾಲ್ಕು ನಾಲ್ಕಾಗಿ ಹಾಕಬೇಕು, ನಾಲ್ಕೂ ಒಂದೇ ಅಳತೆಯವಾಗಿರಬೇಕು. ಎಂಟು ಸ್ಲಾಟ್, ಗರಿಷ್ಠ 256 ಮೆಗಾಬೈಟ್. 16 ಮೆಗಾಬೈಟ್‌ನೊಂದಿಗೆ ಬಂದ ಯಂತ್ರದಲ್ಲಿ ವಿಡಿಯೋ ನೋಡುವ ಆಸೆ ಬೇಡ, ಡಿಸ್ಕ್ ಕರಕರ ಎನ್ನುವುದೇ ಕೇಳುತ್ತದೆ. ಕನಿಷ್ಠ 64 ಇರಲಿ. ಮಾನಿಟರ್ ಕಿಂಡಿ 13ಡಬ್ಲ್ಯೂ3. ಸನ್ ಯಂತ್ರದ ಅಡಾಪ್ಟರ್ ನೋಡಲು ಹಾಗೇ ಇದ್ದರೂ ಪಿನ್ ಜೋಡಣೆ ಬೇರೆ, ಪರದೆ ಬರದಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ವಿಂಡೋದಲ್ಲಿ ಚಿತ್ರ ತರುವ ಹಂತಗಳನ್ನು ಹೇಳಿ.

ಯಂತ್ರದ ಪವರ್ ಆಫ್ ಮಾಡಿ ಇಂಡಿಕ್ಯಾಮ್‌ನ ಕೇಬಲ್ ಡಿಜಿಟಲ್ ಕಿಂಡಿಗೆ ಹಾಕಿ. ಕ್ಯಾಮೆರಾದ ಮುಂದಿನ ಜಾರುವ ಮುಚ್ಚಳ ತೆರೆಯಿರಿ. ಕಪ್ಪು ವಿಂಡೋ ಬಂದಾಗ ಕೇಬಲ್ ಬಿಚ್ಚುವ ಮೊದಲು ನೋಡಬೇಕಾದ್ದು ಆ ಮುಚ್ಚಳವನ್ನೇ.

ಇಂಡಿಯ ಯುನಿಕ್ಸ್ ಆದ ಐರಿಕ್ಸ್ ಬೂಟ್ ಆದ ಮೇಲೆ ಟರ್ಮಿನಲ್‌ನಲ್ಲಿ ಎಚ್‌ಐಎನ್‌ವಿ ಎಂದು ಕೊಡಿ. ವಿನೋ ವಿಡಿಯೋ ಎಂಬ ಸಾಲಿನ ಕೊನೆಯಲ್ಲಿ ಇಂಡಿಕ್ಯಾಮ್ ಕನೆಕ್ಟೆಡ್ ಎಂದಿರಬೇಕು. ಸಾಲು ಇದ್ದು ಕ್ಯಾಮೆರಾ ಇಲ್ಲ ಎಂದರೆ ತೊಂದರೆ ಕೇಬಲ್‌ನದ್ದು ಅಥವಾ ಕ್ಯಾಮೆರಾದ್ದು. ಸಾಲು ಬಂದೂ ಮುಂದಿನ ಪ್ರೋಗ್ರಾಂಗಳು ವಿಡಿಯೋ ಸರ್ವರ್ ಸಿಗಲಿಲ್ಲ ಎಂದರೆ ವಿನೋದ ಸಾಫ್ಟ್‌ವೇರ್ ಪ್ಯಾಕೇಜನ್ನೇ ಹಾಕಿಲ್ಲ, ಇಲ್ಲವೇ ವಿಡಿಯೋಡಿ ಎಂಬ ಹಿನ್ನೆಲೆ ಪ್ರೋಗ್ರಾಂ ಓಡುತ್ತಿಲ್ಲ.

ಮುಂದೆ ವಿಎಲ್‌ಇನ್ಫೋ. ಇದು ಲಭ್ಯವಿರುವ ಮೂಲಗಳು ಮತ್ತು ಗುರಿಗಳ ಪಟ್ಟಿ ಕೊಡುತ್ತದೆ. ಆಮೇಲೆ ವಿಡಿಯೋಪ್ಯಾನೆಲ್ ತೆರೆದು ಯಾವ ಕಿಂಡಿ ಬೇಕೋ ಅದನ್ನು ಡೀಫಾಲ್ಟ್ ಇನ್‌ಪುಟ್ ಮಾಡಿ. ಕೊನೆಗೆ ವಿಡಿಯೋಇನ್. ಚಿಕ್ಕ ವಿಂಡೋ ತೆರೆದು ಚಿತ್ರ ಓಡಬೇಕು. ವಿಡಿಯೋಪ್ಯಾನೆಲ್ಲನ್ನು ಮುಚ್ಚದೆ ಪಕ್ಕದಲ್ಲೇ ಇಟ್ಟುಕೊಳ್ಳಿ; ಬೆಳಕು, ಬಣ್ಣ, ಷಟರ್ ಬದಲಿಸಿದ್ದು ತಕ್ಷಣ ಪಕ್ಕದ ವಿಂಡೋದಲ್ಲಿ ಕಾಣುತ್ತದೆ.

ಕೋಣೆಯ ಟ್ಯೂಬ್‌ಲೈಟ್ ಹಾಕಿದರೆ ಚಿತ್ರ ಮಿಣುಕುತ್ತದೆ, ಹಗಲಲ್ಲಿ ಸರಿಯಿದೆ. ಯಾಕೆ?

ಇಂಡಿಕ್ಯಾಮ್ ಎನ್‌ಟಿಎಸ್‌ಸಿ ಲೆಕ್ಕದ್ದು, ಸೆಕೆಂಡಿಗೆ ಸುಮಾರು 60 ಫೀಲ್ಡ್. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೊತ್ತಿ ಆರುತ್ತದೆ. 1/60 ಸೆಕೆಂಡ್ ತೆರೆದಿರುವ ಷಟರ್ ಒಂದು ಫೀಲ್ಡ್‌ನಲ್ಲಿ ಎರಡು ಬೆಳಕಿನ ಉಬ್ಬು ಹಿಡಿದರೆ ಇನ್ನೊಂದರಲ್ಲಿ ಒಂದೂವರೆ ಹಿಡಿಯುತ್ತದೆ. ಷಟರನ್ನು 1/100 ಸೆಕೆಂಡಿಗೆ ಇಡಿ. ಆಗ ಪ್ರತಿ ಫೀಲ್ಡ್‌ಗೂ ಸರಿಯಾಗಿ ಒಂದು ಉಬ್ಬು ಸಿಕ್ಕಿ ಮಿಣುಕು ನಿಲ್ಲುತ್ತದೆ. ಚಿತ್ರ ಸ್ವಲ್ಪ ಮಬ್ಬಾಗುತ್ತದೆ. ಆಟೋ ಗೇನ್ ಅದನ್ನು ಎತ್ತಲು ಹೋಗಿ ಚುಕ್ಕೆ ಚುಕ್ಕೆ ಮಾಡುತ್ತದೆ, ಆದ್ದರಿಂದ ಮೇಜಿನ ದೀಪವೊಂದನ್ನು ಹತ್ತಿರ ತನ್ನಿ.

ಭಾರತದ ವಿಸಿಆರ್, ಹ್ಯಾಂಡಿಕ್ಯಾಮ್ ಅಥವಾ ಸೆಟ್‌ಟಾಪ್ ಬಾಕ್ಸ್ ಜೋಡಿಸಬಹುದೇ?

ಜೋಡಿಸಬಹುದು. ನಮ್ಮ ಸಾಧನಗಳು ಪಾಲ್: 625 ಸಾಲು, ಸೆಕೆಂಡಿಗೆ 25 ಫ್ರೇಮ್. ಹಳದಿ ಬಣ್ಣದ ಎವಿ ಕಿಂಡಿಯಿಂದ ಕಾಂಪೋಸಿಟ್‌ಗೆ ತಂತಿ ಎಳೆಯಿರಿ. ಟಿವಿಯ ಆಂಟೆನಾ ಕಿಂಡಿಗೆ ಹೋಗುವ ಆರ್‌ಎಫ್ ತಂತಿ ಇಲ್ಲಿ ನಡೆಯುವುದಿಲ್ಲ. ಇಂಡಿಯಲ್ಲಿ ಟ್ಯೂನರ್ ಇಲ್ಲ. ವಿಡಿಯೋಪ್ಯಾನೆಲ್‌ನಲ್ಲಿ ಟೈಮಿಂಗನ್ನು 625 ಸಾಲಿನ, ಚೌಕ ಪಿಕ್ಸೆಲ್‌ನದಕ್ಕೆ ಬದಲಿಸಬೇಕು. ಆಗ ಪೂರ್ತಿ ಚಿತ್ರ 768×576. 525 ಸಾಲಿನದರಲ್ಲೇ ಬಿಟ್ಟರೆ ಚಿತ್ರ ಉರುಳುತ್ತದೆ, ಕೆಳಭಾಗ ಕಾಣೆಯಾಗುತ್ತದೆ, ಬಣ್ಣ ಹೋಗುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ತಂತಿಯನ್ನು ಬೈಯಬೇಡಿ, ಟೈಮಿಂಗ್ ನೋಡಿ.

ಟೈಮಿಂಗ್ ಸರಿಯಿದ್ದೂ ವಿಎಚ್‌ಎಸ್ ಚಿತ್ರದ ಮೇಲ್ತುದಿ ಬಾಗಿ ಅಲುಗಾಡುತ್ತಿದ್ದರೆ ಅದು ಟೇಪಿನ ಸ್ವಭಾವ. ಟೇಪ್ ಓಡುವ ವೇಗ ಸಾಲಿನಿಂದ ಸಾಲಿಗೆ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾಗುತ್ತದೆ. ಟಿವಿ ಅದನ್ನು ಸಹಿಸುತ್ತದೆ, ಡಿಕೋಡರ್ ಸಹಿಸಬೇಕಾದರೆ ಅದನ್ನು ವಿಟಿಆರ್ ಸ್ಥಿತಿಗೆ ಹಾಕಬೇಕು. ಕೆಳ ಅಂಚಿನಲ್ಲಿ ಆರೆಂಟು ಸಾಲು ಕಲಸಿಹೋದಂತೆ ಕಾಣುವುದು ವಿಸಿಆರ್‌ನ ಹೆಡ್ ಬದಲಾಗುವ ಜಾಗ. ಟಿವಿಯಲ್ಲಿ ಅದು ಚೌಕಟ್ಟಿನ ಹಿಂದೆ ಮರೆಯಾಗಿರುತ್ತದೆ, ಇಲ್ಲಿ ಇಡೀ ಚಿತ್ರ ಕಾಣುವುದರಿಂದ ಎದ್ದು ಕಾಣುತ್ತದೆ. ಕತ್ತರಿಸಿಬಿಡಿ.

ಟಿವಿಗೂ ಇಂಡಿಗೂ ಒಂದೇ ತಂತಿ ಕವಲೊಡೆಸಿದ ಮೇಲೆ ಚಿತ್ರ ಮಂಕಾಯಿತು.

ಕಾಂಪೋಸಿಟ್ ಸಿಗ್ನಲ್ ತಲೆಯಿಂದ ಬುಡಕ್ಕೆ 1 ವೋಲ್ಟ್, ಕೊನೆಯಲ್ಲಿ 75 ಓಮ್ ಒಂದೇ ಒಂದು ಇರಬೇಕು. ಎರಡು ಸಾಧನ ಸೇರಿದರೆ ಎರಡು 75 ಓಮ್ ಸಮಾಂತರವಾಗಿ ಸಿಗ್ನಲ್ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಟಿ ಕವಲು ತೆಗೆದು ವಿಡಿಯೋ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಹಾಕಿ.

ಬಣ್ಣಗಳು ಪಟ್ಟೆ ಪಟ್ಟೆಯಾಗಿ, ಮರಳು ಚೆಲ್ಲಿದ ಹಾಗೆ ಬರುತ್ತವೆ.

ನಿಮ್ಮದು 8 ಬಿಟ್ ಗ್ರಾಫಿಕ್ಸ್ ಇರುವ ಇಂಡಿ. ಇಡೀ ಪರದೆಗೆ 256 ಬಣ್ಣ. ಇದರಲ್ಲೂ ಒಂದು ಗುಂಡಿಗೆ ಬೀಳಬೇಡಿ: ಮಿಣುಕದಿರಲಿ ಎಂದು ಪ್ರೋಗ್ರಾಂ ಡಬಲ್ ಬಫರ್ (ತೋರಿಸುವ ಚಿತ್ರಕ್ಕೆ ಒಂದು ಜಾಗ, ಬರೆಯುತ್ತಿರುವುದಕ್ಕೆ ಇನ್ನೊಂದು) ಕೇಳಿದರೆ ಆ 8 ಬಿಟ್ ಎರಡು ಪಾಲಾಗುತ್ತದೆ. ಉಳಿಯುವುದು 4 ಬಿಟ್: ಕೆಂಪಿಗೆ 1, ಹಸಿರಿಗೆ 2, ನೀಲಿಗೆ 1. ಮನುಷ್ಯನ ಮುಖ ಆಗ ರಂಗೋಲಿ ಪುಡಿಯಲ್ಲಿ ಬರೆದಂತೆ ಕಾಣುತ್ತದೆ. 8 ಬಿಟ್ ಯಂತ್ರದಲ್ಲಿ ಸಿಂಗಲ್ ಬಫರ್ ಇಟ್ಟು, ವಿನೋದಿಂದಲೇ ಡಿದರ್ ಮಾಡಿದ 8 ಬಿಟ್ ತೆಗೆದುಕೊಳ್ಳಿ, ಇಲ್ಲವೇ ಕಪ್ಪುಬಿಳುಪಿಗೆ ಹೋಗಿ. ನಮ್ಮ ಅಭಿಪ್ರಾಯದಲ್ಲಿ ಮುಖ ನೋಡುವುದಕ್ಕೆ ಒಳ್ಳೆಯ ಕಪ್ಪುಬಿಳುಪು ಕೆಟ್ಟ ಬಣ್ಣಕ್ಕಿಂತ ಎಷ್ಟೋ ಮೇಲು. 24 ಬಿಟ್ ಇಂಡಿಯಲ್ಲೂ ಡಬಲ್ ಬಫರ್ ಕೇಳಿದರೆ 12 ಬಿಟ್ ಮಾತ್ರ ಸಿಗುತ್ತದೆ, ಆದರೆ ಡಿದರ್ ಸೇರಿ ಅದು ನೋಡುವಂತಿರುತ್ತದೆ.

ಸನ್ ಮತ್ತಿತರ 8 ಬಿಟ್ ಎಕ್ಸ್ ಯಂತ್ರಗಳಲ್ಲಿ ಇನ್ನೊಂದು ರೂಪ ಇದೆ. ವಿಡಿಯೋ ವಿಂಡೋ ಮೇಲೆ ಮೌಸ್ ಹೋದರೆ ವಿಡಿಯೋ ಸರಿ, ಉಳಿದ ಪರದೆಯೆಲ್ಲ ವಿಚಿತ್ರ ಬಣ್ಣ. ಹೊರಗೆ ಬಂದರೆ ತಿರುಗುಮುರುಗು. ಪ್ರೋಗ್ರಾಂ ತನ್ನದೇ ಕಲರ್‌ಮ್ಯಾಪ್ (ಪರದೆಯ ಬಣ್ಣಗಳ ಪಟ್ಟಿ) ಇಟ್ಟುಕೊಂಡಿದೆ, ಹಾರ್ಡ್‌ವೇರ್‌ನಲ್ಲಿ ಇರುವುದು ಒಂದೇ. ಮೊದಲು ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ ಹಂಚಿಕೆಯ ಕಲರ್‌ಮ್ಯಾಪಿನಲ್ಲಿ ಜಾಗ ಬಿಡಿಸಿ, ಆಮೇಲೆ ವಿಡಿಯೋ ಪ್ರೋಗ್ರಾಂ ಶುರುಮಾಡಿ.

ನಾನೇ ಪ್ರೋಗ್ರಾಂ ಬರೆಯಬೇಕು. ಐರಿಕ್ಸ್‌ನಲ್ಲಿ ಕ್ರಮ ಏನು?

ವಿಡಿಯೋ ಲೈಬ್ರರಿಯ ಮಾದರಿ ನೀರಿನ ಕಾಲುವೆಯ ಹಾಗಿದೆ: ಒಂದು ಮೂಲ, ಒಂದು ಗುರಿ, ನಡುವೆ ದಾರಿ. ವಿಡಿಯೋ ಸರ್ವರ್ ತೆರೆದು ವಿಡಿಯೋ ಮೂಲವನ್ನೂ ಮೆಮೊರಿ ಗುರಿಯನ್ನೂ ಪಡೆಯಿರಿ. ಅವೆರಡರ ನಡುವೆ ದಾರಿ ರಚಿಸಿ, ಅದನ್ನು ಹಂಚಿಕೆಯಲ್ಲಿ ತೆರೆಯಿರಿ, ಆಗ ವಿಡಿಯೋಪ್ಯಾನೆಲ್ ಜೊತೆ ಜಗಳವಾಗುವುದಿಲ್ಲ. ಮೆಮೊರಿ ಗುರಿಯ ಮೇಲೆ ಪಿಕ್ಸೆಲ್ ಬಗೆ, ಕುಗ್ಗಿಸುವ ಪ್ರಮಾಣ, ಅಳತೆ ಹೊಂದಿಸಿ. ಹೊಂದಿಸಿದ ಮೇಲೆ ಅಳತೆಯನ್ನು ಮತ್ತೆ ಓದಿಕೊಳ್ಳುವುದನ್ನು ಮರೆಯಬೇಡಿ. ನೀವು ಕೇಳಿದ್ದನ್ನು ಹಾರ್ಡ್‌ವೇರ್ ತನಗೆ ಒಗ್ಗುವ ಅಂಕಿಗೆ ತಿದ್ದಿರಬಹುದು. ಓದದೆ ಬರೆದರೆ ಚಿತ್ರ ಓರೆಯಾಗಿ ಜಾರಿದಂತೆ, ಪ್ರತಿ ಸಾಲೂ ಸ್ವಲ್ಪ ಸರಿದಂತೆ ಕಾಣುತ್ತದೆ. ನಂತರ ಬಫರ್ ರಚಿಸಿ, ದಾರಿಗೆ ನೋಂದಾಯಿಸಿ, ವರ್ಗಾವಣೆ ಶುರುಮಾಡಿ. ಲೂಪ್‌ನಲ್ಲಿ ಫ್ರೇಮ್ ತೆಗೆದುಕೊಳ್ಳಿ, ಬರೆಯಿರಿ, ವಾಪಸ್ ಕೊಡಿ.

ಶುರುವಿಗೆ ಅರ್ಧಕ್ಕೆ ಕುಗ್ಗಿಸಿ, 320×240 ಇಡಿ. 32 ಬಿಟ್‌ನಲ್ಲೂ ಫ್ರೇಮಿಗೆ 3,07,200 ಬೈಟ್, ಸೆಕೆಂಡಿಗೆ 9.2 ಮೆಗಾಬೈಟ್. ಪೂರ್ತಿ ಅಳತೆಗೆ ಹೋದರೆ 36.9. ಪ್ರತಿ ಪಿಕ್ಸೆಲ್ ಮೇಲೆ ಲೆಕ್ಕ ಮಾಡುವುದಿದ್ದರೆ ಇನ್ನೊಂದು ಅಂಕಿ ನೋಡಿ: 100 ಮೆಗಾಹರ್ಟ್ಸ್ ಪ್ರೊಸೆಸರ್‌ಗೆ 320×240ರಲ್ಲಿ, 30 ಫ್ರೇಮ್‌ಗೆ, ಪಿಕ್ಸೆಲ್ ಒಂದಕ್ಕೆ ಸಿಗುವುದು 43 ಸೈಕಲ್. 640×480ರಲ್ಲಿ ಬರೀ 11ರಷ್ಟು. ವೈಯುವಿಯನ್ನು ಆರ್‌ಜಿಬಿ ಮಾಡುವ ಗುಣಾಕಾರಗಳೇ ಅದನ್ನು ನುಂಗಿಬಿಡುತ್ತವೆ. ಗುಣಾಕಾರದ ಬದಲು 256 ಮನೆಗಳ ಕೋಷ್ಟಕಗಳನ್ನು ಮೊದಲೇ ತುಂಬಿಟ್ಟುಕೊಳ್ಳುವುದು ಅಂದಿನ ರೂಢಿ, ಅಥವಾ ಬಣ್ಣ ಬದಲಿಸುವ ಕೆಲಸವನ್ನು ವಿನೋಗೆ ಬಿಡುವುದು.

ಕೈ ಆಡಿಸಿದರೆ ಚಿತ್ರದಲ್ಲಿ ಅರ್ಧ ಸೆಕೆಂಡ್ ತಡವಾಗಿ ಆಡುತ್ತದೆ. ಇನ್ನು ಕೆಲವೊಮ್ಮೆ ಚಿತ್ರ ನಿಂತೇ ಹೋಗುತ್ತದೆ.

ಎರಡೂ ಬಫರ್ ಕತೆ. ಬಫರ್ ಎಂದರೆ ಉಂಗುರದಂತೆ ಜೋಡಿಸಿದ ಫ್ರೇಮ್ ಜಾಗಗಳು. ಹಾರ್ಡ್‌ವೇರ್ ಒಂದು ಕಡೆ ತುಂಬುತ್ತದೆ, ಪ್ರೋಗ್ರಾಂ ಇನ್ನೊಂದು ಕಡೆ ಖಾಲಿ ಮಾಡುತ್ತದೆ. ‘ಮುಂದಿನ ಫ್ರೇಮ್ ಕೊಡು’ ಎಂಬ ಕರೆ ಸಾಲಿನಲ್ಲಿ ಹಳೆಯದನ್ನು ಕೊಡುತ್ತದೆ. ಬರೆಯುವುದು ನಿಧಾನವಾದರೆ ಸಾಲು ಬೆಳೆಯುತ್ತದೆ. 30 ಫ್ರೇಮ್‌ನ ಲೆಕ್ಕದಲ್ಲಿ ಒಂದೊಂದು ಜಾಗಕ್ಕೂ 33 ಮಿಲಿಸೆಕೆಂಡ್, 15 ಜಾಗದ ಬಫರ್ ಎಂದರೆ ಸರಿಯಾಗಿ ಆ ಅರ್ಧ ಸೆಕೆಂಡ್. ತೋರಿಸುವುದಷ್ಟೇ ಕೆಲಸವಾದರೆ ‘ಇತ್ತೀಚಿನ ಫ್ರೇಮ್ ಕೊಡು’ ಎಂಬ ಕರೆ ಬಳಸಿ, ಅದು ನಡುವಿನವನ್ನು ಬಿಟ್ಟು ಹೊಸದನ್ನು ಕೊಡುತ್ತದೆ. ರೆಕಾರ್ಡ್ ಮಾಡುವಾಗ ಮಾತ್ರ ‘ಮುಂದಿನದು’. ತೋರಿಸಲು ಎರಡು ಮೂರು ಜಾಗ ಸಾಕು.

ನಿಂತೇ ಹೋಗುವುದಕ್ಕೆ ಸಾಮಾನ್ಯ ಕಾರಣ ತೆಗೆದ ಫ್ರೇಮನ್ನು ವಾಪಸ್ ಕೊಡದಿರುವುದು. ಎರಡು ಜಾಗದ ಬಫರ್ ಇದ್ದರೆ ಎರಡೇ ಫ್ರೇಮ್ ಬಂದು ನಿಲ್ಲುತ್ತದೆ, 30 ಜಾಗ ಇದ್ದರೆ ಒಂದು ಸೆಕೆಂಡ್ ಓಡಿ ನಿಲ್ಲುತ್ತದೆ. ಎಷ್ಟು ಫ್ರೇಮ್ ಆದ ಮೇಲೆ ನಿಂತಿತು ಎಂದು ಎಣಿಸಿ; ಬಫರಿನ ಜಾಗಗಳ ಸಂಖ್ಯೆಗೆ ಸರಿಹೋದರೆ ತಪ್ಪು ಅಲ್ಲೇ ಇದೆ.

ಅಲುಗಾಡುವ ವಸ್ತುವಿನ ಅಂಚು ಬಾಚಣಿಗೆ ಹಲ್ಲಿನಂತೆ ಏಕೆ ಕಾಣುತ್ತದೆ?

ಒಂದು ಫ್ರೇಮ್ ಎಂದರೆ ಎರಡು ಫೀಲ್ಡ್: ಬೆಸ ಸಾಲುಗಳು ಮೊದಲು, ಸಮ ಸಾಲುಗಳು 1/60 ಅಥವಾ 1/50 ಸೆಕೆಂಡ್ ಆಮೇಲೆ. ಅಷ್ಟರಲ್ಲಿ ಕೈ ಸರಿದಿರುತ್ತದೆ. ಎರಡನ್ನೂ ಹೆಣೆದು ಒಟ್ಟಿಗೆ ತೋರಿಸಿದಾಗ ಹಲ್ಲುಗಳು ಕಾಣುತ್ತವೆ. ಅರ್ಧಕ್ಕೆ ಕುಗ್ಗಿಸಿ ಒಂದೇ ಫೀಲ್ಡ್ ಬಳಸಿದರೆ ತೊಂದರೆಯೇ ಇಲ್ಲ, 320×240 ಅಷ್ಟೊಂದು ಜನಪ್ರಿಯವಾಗಿದ್ದಕ್ಕೆ ಇದೂ ಒಂದು ಕಾರಣ. ಹಲ್ಲುಗಳಲ್ಲದೆ ಚಿತ್ರದ ಮೇಲರ್ಧ ಕೆಳಗರ್ಧ ಬೇರೆಯಾಗಿ ಅಡ್ಡಗೆರೆ ಕಾಣಿಸಿದರೆ ಅದು ಬೇರೆ ರೋಗ: ಪರದೆ ಓದುತ್ತಿರುವಾಗಲೇ ಹೊಸ ಫ್ರೇಮ್ ಬರೆದಿದ್ದೀರಿ.

ಒಂದು ಯಂತ್ರದ ವಿಡಿಯೋವನ್ನು ಎಕ್ಸ್ ಮೂಲಕ ಇನ್ನೊಂದು ಯಂತ್ರದ ಪರದೆಯಲ್ಲಿ ತೆರೆಯಬಹುದಲ್ಲವೇ?

ತೆರೆಯುತ್ತದೆ, ಓಡುವುದಿಲ್ಲ. 320×240, 8 ಬಿಟ್, 15 ಫ್ರೇಮ್ ಎಂದರೆ 9.2 ಮೆಗಾಬಿಟ್, 10 ಮೆಗಾಬಿಟ್ ಈಥರ್ನೆಟ್ ಅಲ್ಲಿಗೇ ಭರ್ತಿ, ಪಕ್ಕದವರ ಫೈಲ್ ಸರ್ವರ್ ನಿಂತುಹೋಗುತ್ತದೆ. ಒಂದೇ ಯಂತ್ರದಲ್ಲಿ ಎಕ್ಸ್ ಸರ್ವರ್ (ಪರದೆಗೆ ಬರೆಯುವ ಪ್ರೋಗ್ರಾಂ) ಜೊತೆ ಹಂಚಿಕೆಯ ಮೆಮೊರಿ ಬಳಸಿ ನಕಲು ಉಳಿಸುವ ವ್ಯವಸ್ಥೆ ಇದೆ, ಅದು ದೂರದ ಪರದೆಗೆ ಅನ್ವಯಿಸುವುದಿಲ್ಲ. ಪ್ರೋಗ್ರಾಂ ಬ್ಯಾಡ್ ಆಕ್ಸೆಸ್ ಎಂಬ ದೋಷ ಕೊಟ್ಟು ಸತ್ತರೆ ಇದನ್ನೇ ಪ್ರಯತ್ನಿಸಿದೆ ಎಂದು ತಿಳಿಯಿರಿ.

ದೂರಕ್ಕೆ ಕಳಿಸಬೇಕಾದರೆ ಪಿಕ್ಸೆಲ್ ಅಲ್ಲ, ಸಂಕುಚಿತ ವಿಡಿಯೋ ಕಳಿಸಬೇಕು. ಝೆರಾಕ್ಸ್ ಪಾರ್ಕ್‌ನ ರಾನ್ ಫ್ರೆಡರಿಕ್ ಬರೆದ ಎನ್‌ವಿ ಎಂಬ ಪ್ರೋಗ್ರಾಂ ಬದಲಾದ ಚೌಕಗಳನ್ನು ಮಾತ್ರ ಕಳಿಸುತ್ತಿತ್ತು. ಅದರ ಡೀಫಾಲ್ಟ್ ಮಿತಿ ಸೆಕೆಂಡಿಗೆ 128 ಕಿಲೋಬಿಟ್. ಗೋಡೆಯ ಚಿತ್ರವನ್ನು ಮತ್ತೆ ಮತ್ತೆ ಕಳಿಸುವುದು ಯಾಕೆ ಎಂಬ ಸರಳ ಯೋಚನೆ. ಫ್ರಾನ್ಸ್‌ನ ಇನ್ರಿಯಾದಲ್ಲಿ ಥಿಯರಿ ಟುರ್ಲೆಟ್ಟಿಯವರ ಐವಿಎಸ್, ಲಾರೆನ್ಸ್ ಬರ್ಕ್‌ಲಿ ಲ್ಯಾಬ್‌ನಲ್ಲಿ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್‌ರ ವಿಕ್ ಎಚ್.261 ಎಂಬ ಸಂಕುಚನ ಪದ್ಧತಿ ಬಳಸಿದವು. ಎಂಬೋನ್ ಎಂಬ ಮಲ್ಟಿಕಾಸ್ಟ್ (ಒಮ್ಮೆ ಕಳಿಸಿದ್ದನ್ನು ಹಲವರಿಗೆ ತಲುಪಿಸುವ) ಜಾಲದ ಮೇಲೆ ಇವು ಓಡುತ್ತಿದ್ದವು. ಇಂಡಿಯಲ್ಲಿ ಇವತ್ತಿಗೂ ವಿಕ್ ಓಡಿಸಿ ಎರಡು ಯಂತ್ರಗಳ ನಡುವೆ ಮುಖ ನೋಡಬಹುದು.

ಸನ್ ಯಂತ್ರಗಳಲ್ಲಿ ಏನು ಬಳಸಬೇಕು?

ಮೂರು ಬಗೆಯ ಕಾರ್ಡ್ ಸಿಗುತ್ತವೆ, ಮೂರರ ಗುಣ ಬೇರೆ. ವಿಡಿಯೋಪಿಕ್ಸ್ ಹಳೆಯದು. ಸ್ಥಿರ ಚಿತ್ರ ಹಿಡಿಯಲು ಮಾಡಿದ್ದು. ಪಿಕ್ಸೆಲ್‌ಗಳನ್ನು ಪ್ರೊಸೆಸರೇ ಎಳೆದುಕೊಳ್ಳಬೇಕು, ಹಾಗಾಗಿ ಸೆಕೆಂಡಿಗೆ ಕೆಲವೇ ಫ್ರೇಮ್. ಸನ್‌ವಿಡಿಯೋದಲ್ಲಿ ಸಿ-ಕ್ಯೂಬ್ ಚಿಪ್ ಇದ್ದು ಜೆಪೆಗ್, ಎಂಪೆಗ್-1, ಸೆಲ್‌ಬಿ ಸಂಕುಚನ ಮಾಡುತ್ತದೆ. ಸನ್‌ನ ಯುನಿಕ್ಸ್ ಆದ ಸೋಲಾರಿಸ್‌ನಲ್ಲಿ ಎಕ್ಸ್‌ಐಎಲ್ ಲೈಬ್ರರಿ ಮೂಲಕ ಬಳಸಬೇಕು. ಕಾರ್ಡ್ ಸಂಕುಚಿಸಿ ಕೊಡುತ್ತದೆಯೇ ಹೊರತು ಪರದೆಗೆ ಬರೆಯುವುದಿಲ್ಲ. ಪ್ಯಾರಲಾಕ್ಸ್‌ನ ಎಕ್ಸ್‌ವಿಡಿಯೋ ಸ್ವತಃ ಫ್ರೇಮ್‌ಬಫರ್, ಪೂರ್ತಿ ವೇಗದ ವಿಡಿಯೋ ಬೇಕಿದ್ದರೆ ಇದೇ. ಆದರೆ ಮಾನಿಟರ್ ಕೇಬಲ್ಲನ್ನು ಇದಕ್ಕೇ ಹಾಕಬೇಕು, ಪ್ಯಾರಲಾಕ್ಸ್‌ನದೇ ಎಕ್ಸ್ ಸರ್ವರ್ ಓಡಿಸಬೇಕು. ಸಾಫ್ಟ್‌ವೇರ್ ಇಲ್ಲದೆ ಬೋರ್ಡ್ ಮಾತ್ರ ಮಾರಾಟಕ್ಕಿದ್ದರೆ ಕೊಳ್ಳಬೇಡಿ.

ಎಕ್ಸ್‌ವಿ ಎಂಬುದು ಇದೇ ಕಾಲದ್ದೇ?

ಹೌದು. ಎಕ್ಸ್‌ಗೆ ವಿಡಿಯೋ ಸೇರಿಸುವ ವಿಸ್ತರಣೆ ಅದು. ಡಿಜಿಟಲ್ ಕಂಪನಿಯ ಡೇವಿಡ್ ಕಾರ್ವರ್ ಬರೆದ ಅದರ ಎರಡನೇ ಆವೃತ್ತಿಯ ವಿವರಣೆ 1991ರದು. ಪೋರ್ಟ್ ಎಂಬ ಕಲ್ಪನೆ ಅದರ ತಿರುಳು: ಹಾರ್ಡ್‌ವೇರ್‌ನ ಒಂದು ವಿಡಿಯೋ ದಾರಿ ಒಂದು ಪೋರ್ಟ್. ಅದನ್ನು ಪ್ರೋಗ್ರಾಂ ಹಿಡಿದುಕೊಂಡು, ಈ ವಿಂಡೋದ ಈ ಜಾಗಕ್ಕೆ ಹರಿಸು ಎಂದು ಸರ್ವರ್‌ಗೆ ಹೇಳುತ್ತದೆ. ಕತ್ತರಿಸುವುದು ಸರ್ವರ್ ಕೆಲಸ. ವಿಂಡೋ ಯಾವುದು ಎಲ್ಲಿದೆ ಎಂದು ಗೊತ್ತಿರುವುದು ಅದಕ್ಕೇ ತಾನೆ. ಇನ್ನೊಂದು ಪ್ರೋಗ್ರಾಂ ಅದೇ ಪೋರ್ಟ್ ಕಿತ್ತುಕೊಂಡರೆ ನಿಮಗೆ ಸೂಚನೆ ಬರುತ್ತದೆ. 2000ದಲ್ಲಿ ಬಂದ, ಪಿಸಿಗಳ ಎಕ್ಸ್ ಸರ್ವರ್ ಆದ ಎಕ್ಸ್‌ಫ್ರೀ86ರ 4.0 ಆವೃತ್ತಿಯ ಹೊತ್ತಿಗೆ ಮೆಮೊರಿಯಲ್ಲಿರುವ ವೈಯುವಿ ಚಿತ್ರವನ್ನೂ ಇದೇ ದಾರಿಗೆ ಕೊಡುವ ಸೌಲಭ್ಯ ಸೇರಿತು. ಲಿನಕ್ಸ್‌ನಲ್ಲಿ ಸಿನಿಮಾ ನೋಡಿದ ಹೆಚ್ಚಿನವರು ಅರಿಯದೆಯೇ ಬಳಸಿದ್ದು ಅದನ್ನೇ.

ಇಂಡಿಗೆ ಲಿನಕ್ಸ್ ಹಾಕಿದರೆ ವಿಡಿಯೋ ಬರುತ್ತದೆಯೇ?

ವಿನೋ, ಎಸ್‌ಎಎ7191, ಇಂಡಿಕ್ಯಾಮ್ ಮೂರಕ್ಕೂ ವಿಡಿಯೋ ಫಾರ್ ಲಿನಕ್ಸ್ ಡ್ರೈವರ್‌ಗಳು ಇದ್ದವು. ಹೊಸ ಕರ್ನಲ್‌ಗಳಿಂದ ಅವನ್ನು ತೆಗೆದಿದ್ದಾರೆ. ಅವು ಇನ್ನೂ ಇರುವ ಹಳೆಯ ಕರ್ನಲ್ ಬೇಕಾಗುತ್ತದೆ. ಚಿತ್ರ ನೋಡುವುದೇ ಗುರಿಯಾದರೆ ಐರಿಕ್ಸ್ 5.3 ಅಥವಾ 6.5ರಲ್ಲೇ ಇರಿ. ಚಿಪ್ಪಿನ ರಿಜಿಸ್ಟರ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಬೇಕಿದ್ದರೆ ಆ ಹಳೆಯ ಡ್ರೈವರ್‌ನ ಮೂಲ ಕೋಡ್ ತೆರೆದು ಓದಿ. ಕುಗ್ಗಿಸುವುದು, ಕತ್ತರಿಸುವುದು, ಫೀಲ್ಡ್‌ಗಳನ್ನು ಹೆಣೆಯುವುದು, ಎಲ್ಲವೂ ಅದರಲ್ಲಿ ಸಾಲು ಸಾಲಾಗಿ ಇದೆ.